ಬೇಕಿದ್ದು 13, ಬಂದಿದ್ದು 14

2021ರ ಕೊನೆ. ವರ್ಕ್ ಫ್ರಮ್ ಹೋಮ್ ಅಂತ ನಾನು ದಾವಣಗೆರೆಯ ಮನೆಯಲ್ಲೇ ಇದ್ದ ಕಾಲ. ಕೆಳಗೆ ಅಪ್ಪನ ಕಿರಾಣಿ ಅಂಗಡಿ, ಮೇಲೆ ನನ್ನ ಆಫೀಸು. ಉದ್ರಿ ಪುಸ್ತಕ ನೋಡಿ ನೋಡಿ ಬೇಜಾರಾಗಿ, ಅಪ್ಪನ ಫೋನಿನಲ್ಲಿ ತೆರೆಯುವಂಥ ಪುಟ್ಟ ಲೆಕ್ಕದ ಆ್ಯಪ್ ಮಾಡಿಕೊಟ್ಟಿದ್ದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದನ್ನು ಹೋಮ್‌ಬ್ರ್ಯೂ ಮೂಲಕ ನನ್ನ ಮ್ಯಾಕ್‌ಗೆ ಹಾಕಿದ್ದೆ. ಎರಡು ತಿಂಗಳಿಂದ ಅಪ್ಪ ಪುಸ್ತಕದಲ್ಲಿ ಬರೆಯುವುದನ್ನೇ ಬಿಟ್ಟಿದ್ದರು. ನಾನೇ ಬಿಡಿಸಿದ್ದೆ.

ಒಂದು ಶನಿವಾರ ರಾತ್ರಿ ಟರ್ಮಿನಲ್ ತೆಗೆದವಳು, ಹಂಗೇ ಇರಲಿ ಅಂತ ‘ಬ್ರ್ಯೂ ಅಪ್‌ಗ್ರೇಡ್’ ಹೊಡೆದು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ಮಲಗಿದೆ. ಬೆಳಗ್ಗೆ ಕೆಳಗಿನಿಂದ ಕೂಗು: “ಏನವ್ವಾ, ಇದು ತೆರೀತಾನೇ ಇಲ್ಲ. ಗಿರಾಕಿ ನಿಂತಾರೆ.”

ಲಾಗ್ ನೋಡಿದೆ. ಡೇಟಾ ಫೋಲ್ಡರ್ ಆವೃತ್ತಿ 13ರದ್ದು, ಈಗಿರುವ 14ಕ್ಕೆ ಹೊಂದುವುದಿಲ್ಲ ಅಂತಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ 13.4ರಿಂದ 13.5ಕ್ಕೆ ಹೋದರೆ ಅದೇ ಫೈಲುಗಳು ನಡೆಯುತ್ತವೆ. 13ರಿಂದ 14ಕ್ಕೆ ನಡೆಯಲ್ಲ. ನಾನು ಹಾಕುವಾಗ ನಂಬರ್ ಹೇಳದೆ ಬರೀ ‘ಪೋಸ್ಟ್‌ಗ್ರೆಸ್‌ಕ್ಯುಎಲ್’ ಅಂದಿದ್ದೆ. ಆಗೆಲ್ಲ ಹಾಗಂದರೆ ಯಾವತ್ತೂ ಹೊಸದೇ ಅಂತ ಅರ್ಥವಿತ್ತು. ಅಂಗಡಿಯಲ್ಲಿ ಬರೀ “ಅಕ್ಕಿ ಕೊಡಿ” ಅಂದರೆ ಅಪ್ಪ ಯಾವ ಅಕ್ಕಿ ಅಂತ ಕೇಳುತ್ತಾರೆ. ಬ್ರ್ಯೂ ಕೇಳಲಿಲ್ಲ.

ಆಫೀಸಿನ ಗೆಳೆಯನಿಗೆ ವಾಟ್ಸಾಪ್ ಮಾಡಿದೆ. “ಹಳೇ ಫೋಲ್ಡರ್ ಅಳಿಸಿ ಇನಿಟ್‌ಡಿಬಿ ಹೊಡಿ, ಶುರುವಾಗುತ್ತೆ” ಅಂದ. ಶುರುವಾಗುತ್ತಿತ್ತು ನಿಜ, ಖಾಲಿ ಡೇಟಾಬೇಸು! ಅವನ ಲ್ಯಾಪ್‌ಟಾಪ್‌ನಲ್ಲಿ ಇರೋದು ಟೆಸ್ಟ್ ಡೇಟಾ, ಅಳಿಸಿದರೆ ಏನೂ ಹೋಗಲ್ಲ. ನನ್ನದರಲ್ಲಿ ನಮ್ಮ ಓಣಿಯ ಎರಡು ತಿಂಗಳ ಉದ್ರಿ ಇತ್ತು. ಬ್ಯಾಕಪ್ ಇರಲಿಲ್ಲ. (ಬೈಯಬೇಡಿ, ಆಗಲೇ ಸಾಕಷ್ಟು ಬೈದುಕೊಂಡಿದ್ದೇನೆ.)

ಮೊದಲು ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟೆ. ಆಮೇಲೆ ಹೆಸರಿನ ಮುಂದೆ ‘@13’ ಹಾಕಿ ಇನ್‌ಸ್ಟಾಲ್ ಮಾಡಿದೆ. ಸರ್ವರ್ ಎದ್ದಿತು. ನೋಡಿದರೆ ಒಂದು ಟೇಬಲ್ಲೂ ಇಲ್ಲ. ಎದೆ ಧಸಕ್ಕೆಂದಿತು. ಹೀಗೆ ನಂಬರ್ ಹಾಕಿ ತಂದಿದ್ದನ್ನು ಬ್ರ್ಯೂ ಪಕ್ಕಕ್ಕೆ ಬೇರೆಯಾಗಿ ಇಟ್ಟಿತ್ತು. ಪಾತ್‌ಗೆ ಸೇರಿಸಿರಲಿಲ್ಲ, ಡೇಟಾಗೂ ಬೇರೆಯದೇ ಖಾಲಿ ಫೋಲ್ಡರ್. ಇದು ಹೊಳೆಯೋಕೆ ಅರ್ಧ ಗಂಟೆ ಬೇಕಾಯಿತು. ಆ ಸರ್ವರ್ ನಿಲ್ಲಿಸಿ, ಪೂರ್ತಿ ದಾರಿ ಬರೆದು, ಹಳೇ ಫೋಲ್ಡರ್ ತೋರಿಸಿ 13ನ್ನು ಮತ್ತೆ ಎಬ್ಬಿಸಿದೆ. ಒಬ್ಬೊಬ್ಬರೇ ಗಿರಾಕಿಗಳ ಹೆಸರು ಬಂತು. ತಕ್ಷಣ ಪಿಜಿ‌ ಡಂಪ್ ತೆಗೆದೆ.

“ಇನ್ನು ಪಿನ್ ಮಾಡಿಬಿಡು” ಅಂದ ಗೆಳೆಯ. ಮಾಡಲಿಲ್ಲ. ‘@13’ ಅಂದಮೇಲೆ ಅದು 14 ಆಗಲ್ಲ, ಪಿನ್ ಮಾಡಿದರೆ 13ರೊಳಗಿನ ಸಣ್ಣಪುಟ್ಟ ರಿಪೇರಿಗಳೂ ನಿಂತುಹೋಗುತ್ತವೆ. 14ಕ್ಕೆ ಹೋಗಿದ್ದು ಆಮೇಲೆ, ಡಂಪ್ ಕೈಯಲ್ಲಿಟ್ಟುಕೊಂಡು, ಅಂಗಡಿ ರಜೆಯ ದಿನ.

ಆವತ್ತು ಕೆಳಗೆ ಬಂದಾಗ ಅಪ್ಪ ಹಳೇ ಉದ್ರಿ ಪುಸ್ತಕದ ಧೂಳು ಒರೆಸಿ ಬರೆಯುತ್ತಿದ್ದರು. “ಸರಿ ಹೋಯ್ತಪ್ಪಾ” ಅಂದೆ. “ಹ್ಞೂಂ” ಅಂದರು, ಪೆನ್ನು ಮಾತ್ರ ಕೆಳಗಿಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಈಗ ದಿನಾ ರಾತ್ರಿ ಡಂಪ್ ಒಂದು ಪೆನ್‌ಡ್ರೈವ್‌ಗೆ ಹೋಗುತ್ತದೆ. ಅದರ ಜಾಗ ಗಲ್ಲಾಪೆಟ್ಟಿಗೆ. ಮುಂದಿನ ದೀಪಾವಳಿಗೆ ಲೆಕ್ಕದ ಪುಸ್ತಕದ ಪೂಜೆಯಲ್ಲಿ ಅಪ್ಪ ಅದನ್ನೂ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದರು. ತುದಿಗೆ ಮಾತ್ರ ಹಚ್ಚಬೇಡಿ ಅಂತ ಹೇಳಬೇಕಾಯಿತು.