ಅರ್ಕಾವೊತ್ತಿನ ಋಣ

ಮೂವತ್ತೈದು ವರ್ಷ ಕನ್ನಡದ ಮೇಷ್ಟರಾಗಿದ್ದು ನಿವೃತ್ತನಾದವನಿಗೆ, ತನ್ನ ಶಿಷ್ಯರಲ್ಲಿ ಯಾರು ಯಾರು ದೊಡ್ಡವರಾದರೆಂದು ಹೇಳಿಕೊಳ್ಳುವ ಚಪಲ ಸಹಜವಾದುದು. ನನಗೂ ಅದು ಉಂಟು. ಆದರೆ ಇಲ್ಲಿ ನಾನು ಹೇಳಹೊರಟಿರುವುದು ನನ್ನ ಕೈಯಿಂದ ಪೆಟ್ಟು ತಿಂದು ಶಾಲೆಯನ್ನೇ ಬಿಟ್ಟುಹೋದ ಒಬ್ಬನ ಸಂಗತಿಯನ್ನು.

1984ನೆಯ ಇಸವಿ. ಊರಿನ ಹೆಸರು ಬೇಡ. ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಇಂದು ಕಥೆ ಹೇಳಿದರೆ ನಾಳೆ ಒಂದು ಮಾತೂ ಬಿಡದೆ ಒಪ್ಪಿಸುವನು. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನನ್ನ ಸೈಕಲ್ಲಿನ ಚೈನು ಕಳಚಿದಾಗಲೆಲ್ಲ ಸರಿಪಡಿಸಿಕೊಡುತ್ತಿದ್ದವನೂ ಅವನೇ. ಪುಸ್ತಕವನ್ನು ಕೈಗೆ ಕೊಟ್ಟರೆ ಮಾತ್ರ ಅವನ ಮುಖ ಬಾಡಿಹೋಗುತ್ತಿದ್ದಿತು. ‘ದ’ಕಾರ ‘ಧ’ಕಾರಗಳು, ‘ಪ’ಕಾರ ‘ಷ’ಕಾರಗಳು ಅವನ ಪಾಲಿಗೆ ಒಂದೇ. ಒತ್ತಕ್ಷರ ಬಂದರೆ ಅಲ್ಲಿಯೇ ನಿಂತುಬಿಡುವನು. ‘ಸೂರ್ಯ’ ಎಂಬುದನ್ನು ‘ಸೂಯ್ರ’ ಎಂದು ಓದುವನು, ತರಗತಿಯೆಲ್ಲ ನಗುವುದು. ಇಷ್ಟು ಚುರುಕಾದವನಿಗೆ ಇದು ಬಾರದಿರುವುದೆಂದರೇನು, ಸೋಮಾರಿತನವಲ್ಲದೆ ಬೇರೆಯಲ್ಲವೆಂದು ನಾನು ನಿಶ್ಚಯಿಸಿದೆನು. ಆ ಪದವನ್ನು ನೂರು ಸಲ ಬರೆದು ತರುವಂತೆ ಆಜ್ಞಾಪಿಸಿದೆನು. ತಂದನು. ಮೊದಲ ಕೆಲವು ಸಾಲುಗಳು ಸರಿಯಾಗಿದ್ದವು. ಉಳಿದುವೆಲ್ಲ ಬಗೆಬಗೆಯಾಗಿ ತಪ್ಪಿದ್ದವು. ನನ್ನನ್ನು ಪರಿಹಾಸ್ಯ ಮಾಡುತ್ತಿರುವನೆಂದು ಬಗೆದು ಬೆತ್ತವನ್ನೆತ್ತಿದೆನು. ದಸರಾ ರಜೆ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ.

2018ರಲ್ಲಿ ಒಂದು ಸಂಜೆ ಅವನು ನಮ್ಮ ಮನೆಯ ಜಗುಲಿಯ ಮುಂದೆ ಬಂದು ನಿಂತನು. ತಲೆ ನರೆತಿದ್ದಿತು. ಪಂಪುಸೆಟ್ಟುಗಳನ್ನು ರಿಪೇರಿ ಮಾಡುವ ಅಂಗಡಿಯನ್ನಿಟ್ಟು ಅನುಕೂಲವಾಗಿಯೇ ಇದ್ದನಂತೆ. ಜತೆಯಲ್ಲಿ ಒಂಬತ್ತು ವರ್ಷದ ಮಗ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಹುಡುಗನನ್ನು ಪರೀಕ್ಷಿಸಿ ಕೊಟ್ಟಿದ್ದ ಕಾಗದವನ್ನು ನನ್ನ ಕೈಗಿತ್ತನು. ಡಿಸ್ಲೆಕ್ಸಿಯಾ ಎಂದಿದ್ದಿತು.

“ಮೇಷ್ಟ್ರೇ, ಇವನೂ ನನ್ನ ಹಾಗೇ. ಹೇಳಿಕೊಡಿ. ಹೊಡೀಬೇಡಿ, ಅಷ್ಟೇ” ಎಂದನು.

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿದ್ದಿತು.

ಆ ಕಾಗದದ ದೆಸೆಯಿಂದ ನಾನು ಮುದಿತನದಲ್ಲಿ ಮತ್ತೆ ವಿದ್ಯಾರ್ಥಿಯಾಗಬೇಕಾಯಿತು. ಓದಿ ತಿಳಿದುದಿಷ್ಟು: 1896ರಲ್ಲಿಯೇ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯನು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪರ್ಸಿ ಎಂಬ ಹದಿನಾಲ್ಕು ವರ್ಷದ ಬಾಲಕನ ವೃತ್ತಾಂತವನ್ನು ಬರೆದಿದ್ದನು. ಬುದ್ಧಿವಂತ, ಆಟದಲ್ಲಿ ಮುಂದು. 749ನ್ನು 867ರಿಂದ ಗುಣಿಸೆಂದರೆ ತಡವಿಲ್ಲದೆ ಗುಣಿಸಿದನು. ಓದಲು ಮಾತ್ರ ಬಾರದು. ತನ್ನ ಹೆಸರನ್ನೇ ‘ಪ್ರೆಸಿ’ ಎಂಬಂತೆ ಬರೆದಿದ್ದನು. ಅಲ್ಲಿಯೂ ರೇಫವೇ ಸ್ಥಾನ ತಪ್ಪಿದ್ದಿತು! ನಾನು ಬೆತ್ತವನ್ನೆತ್ತಿದುದು ಅದಾಗಿ 88 ವರ್ಷಗಳ ಮೇಲೆ. ಈ ತೊಡಕು ಬುದ್ಧಿಯ ಕೊರತೆಯಲ್ಲ, ಅನೇಕ ವೇಳೆ ವಂಶದಲ್ಲಿ ಇಳಿದು ಬರುತ್ತದೆ ಎಂಬುದನ್ನೂ ತಿಳಿದೆನು.

ನಮ್ಮ ಲಿಪಿಯ ವಿಷಯದಲ್ಲಿ ಒಂದು ಮಾತು. ಬೇರೆ ಒತ್ತುಗಳೆಲ್ಲ ಬರೆದ ಕ್ರಮದಲ್ಲಿಯೇ ನುಡಿಯತಕ್ಕವು. ಅರ್ಕಾವೊತ್ತೊಂದು ಮಾತ್ರ ಹಿಂದೆ ಬರೆದು ಮುಂದೆ ನುಡಿಯುವಂಥದು. ಕಣ್ಣಿಗೆ ‘ಯ’ ಮೊದಲು, ಕಿವಿಗೆ ‘ರ’ ಮೊದಲು. ‘ಸೂಯ್ರ’ ಎಂದ ಹುಡುಗನು ಕಂಡುದನ್ನು ಕಂಡಂತೆಯೇ ಓದಿದ್ದನು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಕಾಗುಣಿತ ಒತ್ತಕ್ಷರಗಳ ಬಾಹುಳ್ಯದಿಂದಾಗಿ ಸಾಮಾನ್ಯ ಮಕ್ಕಳಿಗೇ ಕನ್ನಡದ ಅಕ್ಷರಗಳು ವಶವಾಗಲು ನಾಲ್ಕನೆಯ ತರಗತಿಯವರೆಗೆ ಕಾಲ ಹಿಡಿಯುತ್ತದೆ. ಹಾಗಿರುವಾಗ ಈ ಮಕ್ಕಳ ಪಾಡೇನು?

ಪಾಠಕ್ಕೆ ಕುಳಿತೆವು. ಅಮೆರಿಕದ ಆರ್ಟನ್ ಮತ್ತು ಗಿಲಿಂಗ್‌ಹ್ಯಾಮ್ ಎಂಬವರ ಮಾರ್ಗದಲ್ಲಿ ಕಣ್ಣು, ಕಿವಿ, ಕೈ ಈ ಮೂರೂ ಒಟ್ಟಿಗೆ ದುಡಿಯಬೇಕು. ನಮ್ಮ ಕೂಲಿಮಠದ ಅಯ್ಯಗಳು ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದುದು ನೆನಪಾಗಿ ನಗು ಬಂದಿತು. ನಮ್ಮ ಮನೆಯಾಕೆ ಒಂದು ತಟ್ಟೆಯಲ್ಲಿ ರಾಗಿಹಿಟ್ಟನ್ನು ಹರಡಿಕೊಟ್ಟಳು. ಅಕ್ಷರವನ್ನು ನುಡಿಯುತ್ತ ಅದರಲ್ಲಿ ತೀಡುವುದು, ‘ಪ’ವನ್ನೂ ‘ಷ’ವನ್ನೂ ಒಂದೇ ದಿನ ಮುಟ್ಟದಿರುವುದು, ಪದವನ್ನು ಮೊದಲು ಚಪ್ಪಾಳೆ ತಟ್ಟಿ ಬಿಡಿಸಿ ಆಮೇಲೆ ಬರೆಯುವುದು. ಎರಡು ಅಕ್ಷರಗಳಿಗೆ ಒಂದು ವಾರ ಹಿಡಿದುದುಂಟು. ಕಲಿತುದು ಮರುವಾರ ಮಾಯವಾದುದೂ ಉಂಟು. ನನ್ನ ತಾಳ್ಮೆ ತಪ್ಪಿ ಒಂದು ದಿನ ಗದರಿದೆನು. ಹುಡುಗನು ಒಡನೆಯೇ ಎರಡು ಅಂಗೈಗಳನ್ನೂ ಬೆನ್ನ ಹಿಂದಕ್ಕೆ ಸೆಳೆದುಕೊಂಡನು. ತಂದೆಯು ಏನನ್ನು ಹೇಳಿದ್ದನೋ ಕಾಣೆ. ಅಂದಿನ ಪಾಠ ಅಲ್ಲಿಗೇ ಮುಗಿಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ಬಗೆಯ ನ್ಯೂನತೆಗಳಲ್ಲಿ ಇದನ್ನೂ ಸೇರಿಸಿದೆ. ಪ್ರಮಾಣಪತ್ರವಿದ್ದವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಕಾಲವೂ ಬರೆದುಕೊಡುವವರ ನೆರವೂ ದೊರೆಯುವುದುಂಟು. ಒಳ್ಳೆಯದೇ. ಆದರೆ ಮೂರನೆಯ ತರಗತಿಯಲ್ಲಿಯೇ ನಗೆಗೀಡಾದ ಮಗುವು ಪರೀಕ್ಷೆಯವರೆಗೆ ಉಳಿಯಬೇಕಷ್ಟೆ.

ಅರ್ಕಾವೊತ್ತಿಗೆ ಬಂದುದು ಮರುವರ್ಷದ ಶ್ರಾವಣದಲ್ಲಿ. “ಇದು ಹಿಂದೆ ಕುಳಿತಿದ್ದರೂ ಮೊದಲು ಮಾತನಾಡುತ್ತದೆ” ಎಂದು ಹೇಳಿ ‘ಸೂರ್’ ಎಂದು ಒಂದು ಚಪ್ಪಾಳೆ, ‘ಯ’ ಎಂದು ಒಂದು ಚಪ್ಪಾಳೆ ತಟ್ಟಿಸಿದೆನು. ಹುಡುಗನು ತಟ್ಟೆಯಲ್ಲಿ ಬರೆದು, ಬೆರಳನ್ನಿಟ್ಟು, ನಿಧಾನವಾಗಿ ಓದಿದನು. ಅವನನ್ನು ಕರೆದೊಯ್ಯಲು ಬಂದಿದ್ದ ತಂದೆಯು ಬಾಗಿಲಲ್ಲಿಯೇ ನಿಂತು ನೋಡುತ್ತಿದ್ದನು.

“ಅದು ಮೊದಲು ಬರುತ್ತಾ ಮೇಷ್ಟ್ರೇ?” ಎಂದು ಕೇಳಿದನು.

“ಹೌದಪ್ಪ. ಅಂದು ನಾನು ನಿನಗೆ ಹೇಳಬೇಕಾಗಿತ್ತು” ಎಂದೆನು.

ಅವನು ಚಪ್ಪಲಿಯನ್ನು ಕಳಚಿ ಒಳಗೆ ಬಂದು ಮಗನ ಪಕ್ಕದಲ್ಲಿ ಕುಳಿತನು. ನಾನು ತಟ್ಟೆಯ ಹಿಟ್ಟನ್ನು ಮಟ್ಟಮಾಡಿ ಅವನ ಕಡೆಗೆ ಸರಿಸಿದೆನು.