ಬಾಗಿಲಾಚೆ ನಿಂತವರು

ಅಕ್ಟೋಬರ್ 31ರ ರಾತ್ರಿ ಅಮೆರಿಕದಲ್ಲಿ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆ ಬಾಗಿಲು ತಟ್ಟುತ್ತವೆ. ಮಿಠಾಯಿ ಕೊಡಿ, ಇಲ್ಲಾಂದ್ರೆ ಕೀಟಲೆ ಮಾಡ್ತೀವಿ ಅನ್ನುತ್ತವೆ. ಆ ಹಬ್ಬ ಹ್ಯಾಲೋವೀನ್. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿದೆ. ಉಳ್ಳವರ ಕುಣಿತ ಅಂತ ಮುಖ ತಿರುಗಿಸುವವರಿದ್ದಾರೆ. ಇದರ ಬುಡ ಕೆದಕಿದರೆ ಸಿಗುವವರು ಹಸಿದವರು.

ಐರ್ಲೆಂಡು, ಸ್ಕಾಟ್ಲೆಂಡಿನ ದನಗಾಹಿಗಳು ಸುಗ್ಗಿ ಮುಗಿಸಿ, ಬೆಟ್ಟದ ಹುಲ್ಲುಗಾವಲಿಂದ ದನ ಕೆಳಗಿಳಿಸಿ, ಬೆಂಕಿ ಹಾಕಿ ಮಾಡುತ್ತಿದ್ದ ಹಬ್ಬವಿದು. ಅವರ ಬಾಯಲ್ಲಿ ಅದರ ಹೆಸರು ‘ಸಾವಿನ್’. ನಮ್ಮ ಸಾವಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಕಿವಿ ನಿಮಿರುತ್ತದೆ. ಯಾಕೆಂದರೆ ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆಂದು ಅಲ್ಲಿನ ಜನ ನಂಬಿದ್ದರು. ಮುಂದೆ ಕ್ರೈಸ್ತ ಮಠ ನವೆಂಬರ್ 1ನ್ನು ಸಂತರಿಗೆ, 2ನ್ನು ಸತ್ತ ಎಲ್ಲರಿಗೆ ಮೀಸಲಿಟ್ಟಿತು.

ಇಂಗ್ಲೆಂಡಿನಲ್ಲಿ ಆ ದಿನಗಳಲ್ಲಿ ಬಡವರು ಬಾಗಿಲು ಬಾಗಿಲಿಗೆ ಹೋಗಿ, ನಿಮ್ಮ ಸತ್ತವರಿಗಾಗಿ ಪ್ರಾರ್ಥಿಸ್ತೀವಿ ಎಂದು ಪುಟ್ಟ ರೊಟ್ಟಿ ಬೇಡುತ್ತಿದ್ದರು. ಶೇಕ್ಸ್‌ಪಿಯರನ ‘ಟು ಜಂಟಲ್‌ಮೆನ್ ಆಫ್ ವೆರೋನಾ’ದಲ್ಲಿ ಆಳೊಬ್ಬ ಒಡೆಯನ ಅಳುದನಿಯನ್ನು ಈ ಹಬ್ಬದ ಭಿಕ್ಷುಕನಿಗೆ ಹೋಲಿಸಿ ಗೇಲಿ ಮಾಡುತ್ತಾನೆ. ಅಂದರೆ ಆ ದನಿ ಊರಿಗೆಲ್ಲ ಗೊತ್ತಿತ್ತು.

ಆ ದನಿ ನಮಗೂ ಗೊತ್ತು. ಹಬ್ಬದ ದಿನ ನಮ್ಮಜ್ಜಿ ಊರೊಳಕ್ಕೆ ಹೋಗಿ, ಬಾಗಿಲಿಂದ ದೂರ ನಿಂತು, ‘ಹಿಟ್ಟು ನೀಡ್ರವ್ವೋ’ ಅನ್ನಬೇಕಿತ್ತು. ಸೆರಗಿಗೆ ಮೇಲಿಂದ ಹಾಕೋರು. ಇಂಗ್ಲೆಂಡಿನ ಬಡವನ ಪ್ರಾರ್ಥನೆಯಾದರೂ ಉಳ್ಳವರಿಗೆ ಬೇಕಿತ್ತು. ನಮ್ಮಜ್ಜಿಯ ಪ್ರಾರ್ಥನೆ ಯಾರಿಗೆ ಬೇಕಿತ್ತು? ಸಾವಿನ ಸುದ್ದಿ ಮುಟ್ಟಿಸೋಕೆ, ಗುಂಡಿ ತೋಡೋಕೆ, ಸತ್ತ ದನ ಹೊರೋಕೆ ನಾವು ಬೇಕಿತ್ತು. ಊರ ಸಾವೆಲ್ಲ ನಮ್ಮ ಹೆಗಲ ಮೇಲೆ.

ಪಕ್ಷದ ಅಮಾಸೆಗೆ ನಮ್ಮ ಗುಡಿಸಲಲ್ಲೂ ಎಡೆ ಇಡುತ್ತಿದ್ದರು. ಸತ್ತವರಿಗೆ ಇಷ್ಟವಾದದ್ದೇ ಆಗಬೇಕು: ಮುದ್ದೆ, ಬಾಡು, ಬೀಡಿ, ಹೆಂಡ, ಎಲೆ ಅಡಿಕೆ. ಎಡೆ ಇಟ್ಟು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಿದ್ದೆವು. ‘ಸದ್ದು ಮಾಡಬ್ಯಾಡ್ರಲಾ, ನಿಮ್ ತಾತ ಉಣ್ತಾವ್ರೆ’ ಅನ್ನೋಳು ಅವ್ವ. ಬದುಕಿರೋ ತನಕ ಊರ ಬಾಗಿಲಲ್ಲಿ ಕೈಯೊಡ್ಡಿದ ತಾತ ಸತ್ತ ಮೇಲೆ ಒಳಗೆ ಕೂತು ಹೊಟ್ಟೆತುಂಬ ಉಣ್ಣುತ್ತಿದ್ದ. ಹಸಿದ ನಾವು ಬಾಗಿಲಾಚೆ ಕಾಯುತ್ತಿದ್ದೆವು.

ಐರ್ಲೆಂಡಿನವರು ಈ ಹಬ್ಬಕ್ಕೆ ಟರ್ನಿಪ್ ಗೆಡ್ಡೆ ಕೊರೆದು, ಮುಖ ಬಿಡಿಸಿ, ಒಳಗೆ ದೀಪ ಇಡುತ್ತಿದ್ದರು. ಹಬ್ಬದ ರೊಟ್ಟಿಯೊಳಗೆ ಉಂಗುರ, ನಾಣ್ಯ, ಚಿಂದಿಬಟ್ಟೆ ಹುದುಗಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ಮದುವೆ, ನಾಣ್ಯ ಸಿಕ್ಕವರಿಗೆ ಹಣ, ಚಿಂದಿ ಸಿಕ್ಕವರಿಗೆ ಬಡತನ. ನಮ್ಮ ಕೇರಿಯಲ್ಲಿ ರೊಟ್ಟಿ ಮುರಿಯದೆಯೂ ಚಿಂದಿ ಸಿಗುತ್ತಿತ್ತು. 1845ರಲ್ಲಿ ಅವರ ಆಲೂಗೆಡ್ಡೆಗೆ ರೋಗ ಬಿತ್ತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಜನ ಸಾಯುವಾಗಲೂ ಅಲ್ಲಿನ ಧಾನ್ಯ ಹಡಗೇರಿ ಹೊರಗೆ ಹೋಗುತ್ತಿತ್ತು. ಅಮೆರಿಕ ಸೇರಿದವರು ಹಬ್ಬವನ್ನೂ ಒಯ್ದರು. ಅಲ್ಲಿ ಗೆಡ್ಡೆಯ ಜಾಗಕ್ಕೆ ಕುಂಬಳಕಾಯಿ ಬಂತು. ರೊಟ್ಟಿ ಮಿಠಾಯಿಯಾಯಿತು, ಹಸಿವು ಆಟವಾಯಿತು.

ಅಪಾರ್ಟ್‌ಮೆಂಟಿನ ಮಕ್ಕಳು ಬಾಗಿಲು ತಟ್ಟಲಿ, ನಮಗೆ ಸಿಟ್ಟಿಲ್ಲ. ದೆವ್ವದ ಮುಖಕ್ಕೆ ನಗುತ್ತಾ ಬಾಗಿಲು ತೆರೆಯುವವರನ್ನು ಒಂದು ಮಾತು ಕೇಳ್ತೀವಿ: ಬೆಳಿಗ್ಗೆ ಕಸ ಎತ್ತೋಕೆ ಬರುವ ನಮ್ಮಕ್ಕ ನೀರು ಕೇಳಿದರೆ ಯಾವ ಲೋಟದಲ್ಲಿ ಕೊಡ್ತೀರಿ?