ಕಾರಣವರಿಯದ ಬೇನೆ

ಶಾಸ್ತ್ರವಿಚಾರಗಳನ್ನು ಬರೆಯುತ್ತ ಬಂದ ನಾನು ಈ ಸಲ ನನ್ನ ದೇಹದ ವಿಚಾರವನ್ನೇ ಬರೆಯಹೊರಟಿದ್ದೇನೆ, ಮನ್ನಿಸಬೇಕು. ಅರವತ್ತು ದಾಟಿದವರಿರುವ ಮನೆಗಳಲ್ಲಿ ಟೊಂಕದ ನೋವು ಅಪರೂಪದ ಅತಿಥಿಯೇನೂ ಅಲ್ಲ. ಆದರೆ ನನಗೆ ಬಂದ ನೋವು, ಹಿಂದೆಂದೋ ನನ್ನಿಂದ ಆಗಿಹೋದ ಒಂದು ತಪ್ಪನ್ನು ನನ್ನೆದುರಿಗೆ ತಂದು ನಿಲ್ಲಿಸಿತು. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಬರಹ.

2019ರ ನವೆಂಬರ್ ತಿಂಗಳ ಒಂದು ಬೆಳಗಿನ ಜಾವ. ಪೂಜೆ ಮುಗಿಸಿ ಏಳಹೋದೆ, ಏಳಲಾಗಲಿಲ್ಲ. ಟೊಂಕದ ಎಡಭಾಗದಲ್ಲಿ ಚಳಕು ಹಿಡಿದು ಉಸಿರೇ ನಿಂತಂತಾಯಿತು. ಗೋಡೆ ಹಿಡಿದು ಎದ್ದು ನಿಲ್ಲುವಷ್ಟರಲ್ಲಿ ಹಣೆಯ ವಿಭೂತಿ ಬೆವರಿನಲ್ಲಿ ಕರಗಿತ್ತು. ಎಂಟು ದಿನಗಳಲ್ಲಿ ಹೋದೀತೆಂದುಕೊಂಡೆ. ಹೋಗಲಿಲ್ಲ. ಕೆಲವು ವಾರ ತಗ್ಗುವುದು, ಮತ್ತೆ ಏರುವುದು. ಹೀಗೆಯೇ ವರ್ಷಗಳು ಉರುಳಿದವು. ಹನ್ನೆರಡನೆಯ ವಯಸ್ಸಿನಿಂದ ಮಠದ ಪಾಠಶಾಲೆಯಲ್ಲಿ ನೆಲದ ಮೇಲೆ ಕಾಲು ಮಡಿಸಿ ಕುಳಿತು ವ್ಯಾಕರಣ, ತರ್ಕಗಳನ್ನು ಓದಿದವನು ನಾನು. ತಾಸುಗಟ್ಟಲೆ ಕದಲದೆ ಕೂರುವುದು ನಮ್ಮ ಕಾಲದ ವಿದ್ಯಾರ್ಥಿಗೆ ಮೊದಲ ಪಾಠವಾಗಿತ್ತು. ಅಂಥವನಿಗೆ ಅರ್ಧ ತಾಸು ಕೂರುವುದೂ ಕಷ್ಟವಾಯಿತು.

ನೋವಿಗಿಂತ ಮೊದಲು ಮನೆಗೆ ಬಂದದ್ದು ಕಾರಣಗಳ ಮೆರವಣಿಗೆ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಕೃಷ್ಣೆಗೆ ಮಹಾಪೂರ ಬಂದು ಜಮಖಂಡಿ ತಾಲೂಕಿನ ನದೀತೀರದ ಹಳ್ಳಿಗಳಿಗೆ ನೀರು ನುಗ್ಗಿತ್ತು. ತಂಗಿಯ ಮನೆಯ ಜೋಳದ ಚೀಲಗಳನ್ನು ಸಾಗಿಸಲು ನಾನೂ ಕೈಗೂಡಿಸಿದ್ದೆ. “ಅದೇ ಕಾರಣ” ಎಂದರು ನೆರೆಯವರು. ಬಾಲ್ಯದ ಗೆಳೆಯರೊಬ್ಬರು ಇನ್ನೂ ಹಿಂದಕ್ಕೆ ಹೋದರು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಶ್ರಮದಾನ ಮಾಡಿ, ವಂತಿಗೆ ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಸಂಗತಿ ನಾಡಿಗೆಲ್ಲ ತಿಳಿದದ್ದು. ಆಗ ತರುಣನಾಗಿದ್ದ ನಾನೂ ಕೆಲವು ದಿನ ಹೋಗಿ ಕಲ್ಲು ಹೊತ್ತಿದ್ದೆ. “ಆಗ ಹೊತ್ತ ಕಲ್ಲು ಈಗ ಮಾತಾಡಾಕತ್ತೈತಿ” ಎಂದರು ಗೆಳೆಯರು. ಮೂವತ್ತು ವರ್ಷ ಮೌನವಾಗಿದ್ದ ಕಲ್ಲು ಈಗೇಕೆ ಮಾತನಾಡಬೇಕೆಂದು ನಾನು ಕೇಳಲಿಲ್ಲ. ಪಂಚಾಂಗ ನೋಡುವವರು ಶನಿಯ ಸಾಡೇಸಾತಿ ಎಂದರು. ವೈದ್ಯರು ವಾತವೆಂದರು, ನೋವು ಕಾಲಿಗೆ ಇಳಿಯದ ಕಾರಣ ಗೃಧ್ರಸಿಯಲ್ಲವೆಂದು ಧೈರ್ಯ ಹೇಳಿ ಎಣ್ಣೆ ಕೊಟ್ಟರು. ತಿಕ್ಕಿದಷ್ಟು ಹೊತ್ತು ಹಿತವಾಗುತ್ತಿತ್ತು. ಕಾಲು ಮುಂದಾಗಿ ಹುಟ್ಟಿದ ಓಣಿಯ ಹುಡುಗನೊಬ್ಬನಿಂದ ಬೆನ್ನು ತುಳಿಸಿದ್ದೂ ಆಯಿತು. ಅವನು ನಾಚಿ ನಕ್ಕ, ನಾನೂ ನಕ್ಕೆ. ಅಂದು ಸಂಜೆಯವರೆಗೆ ನೋವು ಕಡಿಮೆಯಿತ್ತೆಂಬುದು ಮಾತ್ರ ನಿಜ. ಬಯಲುಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಎಲುಬುಗಳು ಬಿಗಿದುಕೊಳ್ಳುವುದುಂಟು ಎಂದು ಓದಿ ಅದನ್ನೂ ಶಂಕಿಸಿದೆ. ಆದರೆ ಅದೇ ನೀರು ಕುಡಿದ ನನ್ನ ಮನೆಯವರ ಬೆನ್ನು ನೆಟ್ಟಗಿತ್ತು.

ತರ್ಕ ಓದಿದವನಿಗೆ ಕಾರ್ಯವಿದ್ದಲ್ಲಿ ಕಾರಣವಿರಲೇಬೇಕು. ಕಾಗೆ ಬಂದು ಕೂತ ಗಳಿಗೆಯಲ್ಲೇ ತಾಳೆಯ ಹಣ್ಣು ಬಿದ್ದರೆ, ಕಾಗೆಯಿಂದಲೇ ಬಿದ್ದಿತೆನ್ನುವುದು ಕಾಕತಾಳೀಯವೆಂದು ಎಷ್ಟೋ ಮಕ್ಕಳಿಗೆ ಪಾಠ ಹೇಳಿದವನು ನಾನು. ನನ್ನ ಟೊಂಕದ ವಿಷಯ ಬಂದಾಗ ಆ ಕಾಗೆಯನ್ನು ಹುಡುಕುತ್ತ ನಾನೇ ಊರೂರು ಅಲೆದೆ. ಎಕ್ಸ್‌ರೇ ತೆಗೆಸಿದೆ, ವಯಸ್ಸಿಗೆ ತಕ್ಕಂತಿದೆ ಎಂದರು. ರಕ್ತಪರೀಕ್ಷೆಯೂ ಸರಿಯಾಗಿತ್ತು. 2021ರಲ್ಲಿ ಬೆಳಗಾವಿಗೆ ಹೋಗಿ ಎಂಆರ್‌ಐ ಮಾಡಿಸಿದೆ. ವರದಿಯಲ್ಲಿ, ಬೆನ್ನುಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಒಂದೆಡೆ ಸ್ವಲ್ಪ ಉಬ್ಬಿದೆ ಎಂದಿತ್ತು. ನಂಬುವಿರೋ ಇಲ್ಲವೋ, ಅದನ್ನು ಓದಿ ನನಗೆ ಸಂತೋಷವಾಯಿತು! ಕಾರಣ ಸಿಕ್ಕಿತಲ್ಲ ಎಂಬ ಸಂತೋಷ.

ಅಲ್ಲಿಯ ಹಿರಿಯ ವೈದ್ಯರು ಆ ಸಂತೋಷವನ್ನು ಉಳಿಸಲಿಲ್ಲ. “ಶಾಸ್ತ್ರಿಗಳೇ, ನಿಮ್ಮ ತಲೆಗೂದಲು ನರೆತಿದೆ. ನಾಳೆ ತಲೆನೋವು ಬಂದರೆ ನರೆಗೂದಲೇ ಕಾರಣವೆನ್ನುವಿರಾ?” ಎಂದು ಕೇಳಿದರು. ನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಸಮೀಕ್ಷೆ 2015ರಲ್ಲಿ ಪ್ರಕಟವಾಗಿದೆ. ಅರವತ್ತರ ವಯಸ್ಸಿನವರಲ್ಲಿ ನೂರಕ್ಕೆ 88 ಜನರ ಡಿಸ್ಕ್ ಸವೆದಿತ್ತು. 69 ಜನರದು ಉಬ್ಬಿತ್ತು. ಅವರಾರಿಗೂ ಬೆನ್ನುನೋವಿರಲಿಲ್ಲ! ನನ್ನ ಉಬ್ಬು ನನ್ನ ನೋವಿನ ತಾಯಿಯೂ ಆಗಿರಬಹುದು, ನೆರೆಮನೆಯವಳೂ ಆಗಿರಬಹುದು. ಲೋಕದಲ್ಲಿ 2020ರಲ್ಲಿ ಸುಮಾರು 61.9 ಕೋಟಿ ಜನರಿಗೆ ಟೊಂಕದ ನೋವಿತ್ತೆಂದು ಅಂದಾಜು ಮಾಡಲಾಗಿದೆ. ಇಂಥ ನೋವಿನವರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನರಿಗೆ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು.

ಆದರೆ ಉಳಿದ ಹತ್ತು ಜನರನ್ನು ಮರೆಯಬಾರದೆಂದೂ ಅವರು ಹೇಳಿದರು. ಓದುಗರು ಇದನ್ನು ಮನೆಯಲ್ಲಿ ಹಿರಿಯರಿಗೆ ಓದಿ ಹೇಳಬೇಕೆಂದು ಪ್ರಾರ್ಥನೆ. ಬೆನ್ನುನೋವಿನ ಜೊತೆಗೆ ಜ್ವರ ಬರುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ, ಬಿದ್ದ ಮೇಲೆ ಬಂದಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವೂ ಉಂಟು. ಕಾಲು ಬಲಹೀನವಾದರೆ, ತೊಡೆಸಂದಿಯ ಭಾಗ ಜೋಮುಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇವಾವೂ ನನಗಿರಲಿಲ್ಲ. “ನೋವು ನಿಜ, ಅಪಾಯವಿಲ್ಲ, ಕಾರಣ ತಿಳಿಯದು” ಎಂಬ ಮೂರು ಮಾತುಗಳೊಂದಿಗೆ ನಾನು ಬಸ್ ಹತ್ತಿದೆ.

ಮನಸ್ಸು ಒಪ್ಪಲಿಲ್ಲ. ಒಂದು ವಹಿ ತೆಗೆದುಕೊಂಡು ದಿನವೂ ಬರೆಯತೊಡಗಿದೆ: ಏನು ಉಂಡೆ, ಎಷ್ಟು ಕೂತೆ, ಎಷ್ಟು ನಡೆದೆ, ಎಷ್ಟು ನಿದ್ರಿಸಿದೆ, ನೋವು ಎಷ್ಟಿತ್ತು. ಅದಿದ್ದಾಗ ಇದಿರುವುದು, ಅದಿಲ್ಲದಾಗ ಇದಿಲ್ಲದಿರುವುದು. ನಾವು ಓದಿದ ಅನ್ವಯ-ವ್ಯತಿರೇಕದ ಕ್ರಮವಿದು. ಹದಿನಾಲ್ಕು ತಿಂಗಳ ವಹಿಯಲ್ಲಿ ಮೂಲಕಾರಣವೇನೂ ಸಿಗಲಿಲ್ಲ. ಎರಡು ಸಂಗತಿಗಳು ಮಾತ್ರ ಸಿಕ್ಕವು. ನಿದ್ದೆಗೆಟ್ಟ ಮರುದಿನ ನೋವು ಹೆಚ್ಚು. ನೋವಿಗೆ ಹೆದರಿ ದಿನವಿಡೀ ಮಲಗಿದ ಮರುದಿನ ಇನ್ನೂ ಹೆಚ್ಚು. ಹೊಸದಾಗಿ ಟೊಂಕ ಹಿಡಿದವರಲ್ಲಿ, ಹಾಸಿಗೆ ಹಿಡಿದವರಿಗಿಂತ ತಮ್ಮ ನಿತ್ಯದ ಕೆಲಸವನ್ನು ಆದಷ್ಟು ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರೆಂದು ಫಿನ್‌ಲೆಂಡಿನ ವೈದ್ಯರು 1995ರಲ್ಲಿಯೇ ತೋರಿಸಿದ್ದರಂತೆ. ಅದು ನನ್ನ ವಹಿಗೂ ಹೊಂದಿತು.

ಆ ದಿನಗಳಲ್ಲಿಯೇ ನನ್ನಲ್ಲಿ ಓದಿದ ಶಿಷ್ಯನೊಬ್ಬ ಯೋಗಕ್ಷೇಮ ವಿಚಾರಿಸಲು ಬಂದ. ಎಲ್ಲವನ್ನೂ ಕೇಳಿ, ಭಕ್ತಿಯಿಂದಲೇ, “ಡಾಕ್ಟರಿಗೆ ಸಿಗಲಿಲ್ಲ ಅಂದ್ರ ಇದು ಹಿಂದಿನ ಜನ್ಮದ ಋಣ ಇರಬೇಕ್ರಿ ಗುರುಗಳ, ಸಹನೆಯಿಂದ ತೀರಿಸಬೇಕು” ಎಂದ. ನನಗೆ ಕೆನ್ನೆಗೆ ಹೊಡೆದಂತಾಯಿತು. ನಾನೇನು ಮಾಡಿದ್ದೆನೆಂದು ಇವನು ಹೀಗೆನ್ನುತ್ತಾನೆ? ಮರುಗಳಿಗೆಯೇ ಆ ಮಾತು ಎಲ್ಲಿಯದೆಂದು ನೆನಪಾಯಿತು. ಅದು ನನ್ನದೇ ಮಾತು.

1998ರ ಶ್ರಾವಣ. ಬನಹಟ್ಟಿಯಲ್ಲಿ ನನ್ನ ಪ್ರವಚನ ನಡೆದಿತ್ತು. ಬನಹಟ್ಟಿ, ರಬಕವಿಗಳು ಮಗ್ಗದ ಊರುಗಳು. ಅಂದಿನ ವಿಷಯ ಕಾಯಕ. ಒಂದು ತಾಸು ಮಾತನಾಡಿ ಇಳಿದಾಗ ಒಬ್ಬ ತಾಯಿ ಬಂದು ನಿಂತರು. ನೇಕಾರರ ಮನೆಯವರು, ದಿನವಿಡೀ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುವವರು. “ಅಪ್ಪಾರ, ಈ ಟೊಂಕದ ಬ್ಯಾನಿ ನನಗ್ಯಾಕ ಬಂತ್ರಿ? ಡಾಕ್ಟರು ಏನೂ ಇಲ್ಲ ಅಂತಾರ್ರಿ. ಆದ್ರ ಬ್ಯಾನಿ ಐತಲ್ರಿ” ಎಂದರು. ಅವಸರದಲ್ಲಿದ್ದ ನಾನು, “ಹಿಂದಿನ ಜನ್ಮದ ಋಣ ತಾಯಿ, ಸಹನೆಯಿಂದ ತೀರಿಸಬೇಕು” ಎಂದುಬಿಟ್ಟೆ. ಅವರು ಕೈಮುಗಿದು ಹೋದರು. ಕಾಯಕದ ಹಿರಿಮೆಯನ್ನು ಒಂದು ತಾಸು ವರ್ಣಿಸಿದವನು, ಕಾಯಕದಲ್ಲಿ ಬಾಗಿದ ಬೆನ್ನೊಂದು ಎದುರಿಗೆ ನಿಂತಾಗ ಅದನ್ನು ನೋಡಲೇ ಇಲ್ಲ. ಎಷ್ಟು ಹೊತ್ತು ಕೂರುವಿರಿ ಎಂದು ಕೇಳಲಿಲ್ಲ. ರಾತ್ರಿ ನಿದ್ದೆ ಬರುವುದೇ ಎಂದೂ ಕೇಳಲಿಲ್ಲ.

2022ರಲ್ಲಿ, ವಿಚಾರಿಸಿಕೊಂಡು, ಆ ಮನೆಗೆ ಹೋದೆ. ತಾಯಿ ತೀರಿಕೊಂಡಿದ್ದರು. ಸೊಸೆ ಗುರುತು ಹಿಡಿದು, ನನ್ನ ಟೊಂಕ ನೋಡಿ, ಎತ್ತರದ ಸ್ಟೂಲು ತಂದಿಟ್ಟು ಚಹಾ ಕೊಟ್ಟರು. ಅತ್ತೆಯ ನೋವಿನ ವಿಷಯ ಕೇಳಿದೆ. “ಕಡೀತನಕಾ ಇತ್ರಿ. ದವಾಖಾನಿಗೆ ಹೋಗೂಣು ನಡೀರಿ ಅಂದ್ರ, ಇದು ನನ್ನ ಋಣ, ಶಾಸ್ತ್ರಿಗಳು ಹೇಳ್ಯಾರ, ನಾನ ತೀರಿಸಬೇಕು ಅಂತಿದ್ರು. ಆಮ್ಯಾಲ ಮನ್ಯಾಗ ಯಾರ ಮುಂದೂ ಬ್ಯಾನಿ ಅಂತ ಅನ್ನಲಿಲ್ರಿ.” ಇದನ್ನು ಆಕೆ ದೂರಾಗಿ ಹೇಳಲಿಲ್ಲ, ಗೌರವದಿಂದಲೇ ಹೇಳಿದರು. ನನ್ನ ಮಾತು ಆ ತಾಯಿಗೆ ಸಮಾಧಾನ ಕೊಟ್ಟಿತೋ, ಬಾಯಿ ಕಟ್ಟಿತೋ ನಾನರಿಯೆ. ಅವರೊಬ್ಬರೇ ಅದನ್ನು ಹೇಳಬಲ್ಲವರಾಗಿದ್ದರು. “ನಾನು ತಿಳಿಯದೆ ಹೇಳಿದ ಮಾತು ಅದು, ತಾಯಿ. ಅವರ ತಪ್ಪೇನೂ ಇರಲಿಲ್ಲ” ಎಂದೆ. ಸೊಸೆ ಸುಮ್ಮನೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, “ನನಗೂ ಶುರು ಆಗೈತ್ರಿ” ಎಂದರು. ಈ ಸಲ ನಾನು ಕಾರಣ ಹೇಳಲಿಲ್ಲ. ಎಷ್ಟು ಹೊತ್ತು ಕೂರುವಿರೆಂದು ಕೇಳಿದೆ. ವೈದ್ಯರು ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ. ಒಂದು ಸುತ್ತು ಕಂಡಿಕೆ ಮುಗಿದೊಡನೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವುದೆಂದೂ, ನೋವು ಬಿಡದಿದ್ದರೆ ದವಾಖಾನೆಗೆ ತೋರಿಸುವುದೆಂದೂ ಮಾತಾಯಿತು.

ಈಗ ನನಗೆ 64. ನೋವು ಇನ್ನೂ ಇದೆ, ಮೊದಲಿನಷ್ಟಿಲ್ಲ. ಬೆಳಿಗ್ಗೆ, ಸಂಜೆ ಅರ್ಧರ್ಧ ತಾಸು ನಡೆಯುತ್ತೇನೆ. ಕಲಿಸಿಕೊಟ್ಟ ನಾಲ್ಕು ವ್ಯಾಯಾಮಗಳನ್ನು ತಪ್ಪಿಸುವುದಿಲ್ಲ. ಬಿಸಿನೀರಿನ ಚೀಲವೂ ಜೊತೆಗಿದೆ. ದುಡ್ಡು ಕೊಟ್ಟು ತಂದ ಟೊಂಕದ ಪಟ್ಟಿ ಮಾತ್ರ ಗೂಟಕ್ಕೆ ನೇತಾಡುತ್ತಿದೆ. ಬಹುಕಾಲದ ಟೊಂಕನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆಗಳನ್ನು ಹೇಳುವ ವಿಶ್ವ ಆರೋಗ್ಯ ಸಂಸ್ಥೆ, ಇಂಥ ಪಟ್ಟಿಗಳನ್ನು ರೂಢಿಯಾಗಿ ಬಳಸುವುದು ಬೇಡವೆಂದು 2023ರ ಡಿಸೆಂಬರಿನಲ್ಲಿ ಸೂಚಿಸಿದೆ.

ಒಂದು ಬದಲಾವಣೆಗೆ ಮಾತ್ರ ಬಹಳ ದಿನ ಒಪ್ಪಿರಲಿಲ್ಲ. ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡುವುದೆಂದರೆ ಐವತ್ತು ವರ್ಷದ ಅಭ್ಯಾಸಕ್ಕೆ ದ್ರೋಹವೆನಿಸುತ್ತಿತ್ತು. ನೆಲದ ಮೇಲೆಯೇ ಕುಳಿತು, ಮನಸ್ಸನ್ನೆಲ್ಲ ಟೊಂಕಕ್ಕೆ ಕೊಟ್ಟು, ಪೂಜೆ ಮುಗಿದರೆ ಸಾಕೆಂದು ಕಾಯುತ್ತಿದ್ದೆ. ಒಂದು ದಿನ ನನ್ನ ಮನೆಯವರು ಕುರ್ಚಿ ತಂದಿಟ್ಟು, “ಲಿಂಗ ಇರೂದು ನಿಮ್ಮ ಅಂಗೈಯಾಗ. ಕುರ್ಚಿ ಎಲ್ಲಿದ್ರ ಏನಾತು?” ಎಂದರು. ಶಾಸ್ತ್ರ ಓದದ ಅವರಿಗೆ ಉತ್ತರ ಹೇಳಲು ಶಾಸ್ತ್ರ ಓದಿದ ನನ್ನಿಂದಾಗಲಿಲ್ಲ. ಅಂದಿನಿಂದ ಕುರ್ಚಿಯ ಮೇಲೆಯೇ ಕುಳಿತಿದ್ದೇನೆ. ಪೂಜೆಯಲ್ಲಿ ಮನಸ್ಸು ಮತ್ತೆ ನಿಲ್ಲುತ್ತಿದೆ.

ನನ್ನ ಟೊಂಕ ಏಕೆ ನೋಯುತ್ತದೆಂಬುದು ಇಂದಿಗೂ ನನಗೆ ತಿಳಿಯದು. ಕಾರ್ಯಕ್ಕೆ ಕಾರಣವಿದೆ ಎಂಬುದನ್ನು ಈಗಲೂ ನಂಬುತ್ತೇನೆ. ಎಲ್ಲ ಕಾರಣಗಳೂ ನಮಗೆ ತಿಳಿಯಲೇಬೇಕೆಂಬ ಹಟವನ್ನು ಬಿಟ್ಟಿದ್ದೇನೆ. ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಮನೆಯ ತಾಯಿಯೋ ಅಜ್ಜನೋ, ಪರೀಕ್ಷೆಯಲ್ಲಿ ಏನೂ ಕಾಣದ ನೋವನ್ನು ಹೇಳಿಕೊಂಡರೆ ಗ್ರಹವನ್ನಾಗಲಿ ಋಣವನ್ನಾಗಲಿ ಮುಂದಿಡಬೇಡಿ, ನೆಪವೆಂದೂ ತಳ್ಳಬೇಡಿ. “ಎಲ್ಲಿ ನೋಯುತ್ತದೆ? ರಾತ್ರಿ ನಿದ್ದೆ ಬಂತೇ?” ಎಂದು ಕೇಳಿ. ತಿಳಿಯದಿದ್ದುದನ್ನು ತಿಳಿಯದೆಂದೇ ಹೇಳಿ, ಪಕ್ಕದಲ್ಲಿ ಕೂತುಕೊಳ್ಳಿ. ಬನಹಟ್ಟಿಯ ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ ಅದು. ಇಪ್ಪತ್ತಕ್ಕೂ ಹೆಚ್ಚು ವರ್ಷ ತಡವಾಗಿ ಇಲ್ಲಿ ಬರೆದಿದ್ದೇನೆ.